ಜುಲೈ 3: ತಾರೀಖು ಇದ್ದವರು, ತಾರೀಖು ಇಲ್ಲದವರು

ನಮ್ಮ ಹಾವೇರಿ ಕಡೆ ರಾಕ್ ಅಂದರೆ ಗೊಟಗೋಡಿಯ ರಾಕ್ ಗಾರ್ಡನ್ನು. ಸಿಮೆಂಟಿನ ಎತ್ತು, ಸಿಮೆಂಟಿನ ಒಕ್ಕಲಿಗ, ಟಿಕೀಟು ತೆಗೆಸಿ ನೋಡಿಕೊಂಡು ಬರೋದು. ಆದರೆ ರಾಕ್ ಎನ್ನುವ ಸಂಗೀತವೂ ಒಂದಿದೆ. ಅದರ ಅಭಿಮಾನಿಗಳಿಗೆ ಇತಿಹಾಸ ಅಂದರೆ ತಾರೀಖು. ಇಂಥ ದಿನ ಇಂಥವ ಹುಟ್ಟಿದ, ಇಂಥ ದಿನ ಇಂಥವ ಸತ್ತ, ಇಂಥ ದಿನ ಇಂಥ ಪ್ಲೇಟು ಹೊರಬಂತು ಎಂದು ವರ್ಷದ ಪ್ರತಿ ದಿನಕ್ಕೂ ಪಟ್ಟಿ ಇಟ್ಟುಕೊಂಡಿದ್ದಾರೆ. ಆ ಪಟ್ಟಿಯಿಂದ ಒಂದು ದಿನವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಜುಲೈ 3. ಯಾಕಂದರೆ ಅದು ಅವರದಷ್ಟೇ ಅಲ್ಲ, ನಮ್ಮದೂ ಹೌದು.

ಶಿಶುನಾಳ ಶರೀಫ ಹುಟ್ಟಿದ್ದು 1819ರ ಜುಲೈ 3ರಂದು. ಸತ್ತದ್ದು 1889ರ ಜುಲೈ 3ರಂದು. ಬರೋಬ್ಬರಿ 70 ವರ್ಷ. ಬಂದ ದಿನವೇ ಹೋದ ಎಂದು ಜನ ಕೈಮುಗಿಯುತ್ತಾರೆ.

ಇನ್ನು ರಾಕಿನವರ ಜುಲೈ 3. 1969ರಲ್ಲಿ, ಜುಲೈ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತಿಗೆ, ಇಂಗ್ಲೆಂಡಿನ ಸಸೆಕ್ಸಿನಲ್ಲಿ ಬ್ರಯಾನ್ ಜೋನ್ಸ್ ತನ್ನ ಮನೆಯ ಈಜುಕೊಳದಲ್ಲೇ ಸತ್ತ. ರೋಲಿಂಗ್ ಸ್ಟೋನ್ಸ್ ತಂಡ ಕಟ್ಟಿದವನು ಅವನೇ. ಆಗ ವಯಸ್ಸು 27. ಎರಡು ವರ್ಷದ ಮೇಲೆ, 1971ರ ಜುಲೈ 3ರಂದು, ಡೋರ್ಸ್ ತಂಡದ ಜಿಮ್ ಮಾರಿಸನ್ ಪ್ಯಾರಿಸ್ಸಿನ ಬಾಡಿಗೆ ಮನೆಯ ಬಚ್ಚಲಲ್ಲಿ ಸತ್ತ. ಅವನಿಗೂ 27. 1973ರ ಜುಲೈ 3ರಂದು ಲಂಡನ್ನಿನಲ್ಲಿ ಡೇವಿಡ್ ಬೋವಿ ತಾನು ಕಟ್ಟಿದ್ದ ಜಿಗ್ಗಿ ಎಂಬ ವೇಷಕ್ಕೆ ರಂಗದ ಮೇಲೆಯೇ ಮಂಗಳ ಹಾಡಿದ. ಮಾರಿಸನ್ನನ ಗೋರಿ ನೋಡಲು ಇವತ್ತಿಗೂ ದೇಶದೇಶದ ಹುಡುಗರು ಹೋಗುತ್ತಾರೆ. 1988ರಲ್ಲಿ ಅಲ್ಲಿಂದ ಕಳುವಾಗಿದ್ದ ಅವನ ಕಲ್ಲಿನ ತಲೆ 2025ರಲ್ಲಿ ಪೊಲೀಸರಿಗೆ ಸಿಕ್ಕಿತು. ಸತ್ತವನ ಕಲ್ಲಿನ ತಲೆಗೂ ಅಷ್ಟು ದಫ್ತರ.

ಒಂದೇ ತಾರೀಖಿಗೆ ಇಷ್ಟು ಬಿದ್ದದ್ದು ಕಾಕತಾಳೀಯ. ವರ್ಷಕ್ಕೆ 365 ದಿನ, ಹುಟ್ಟಿ ಸಾಯುವವರು ಕೋಟ್ಯಂತರ. ಪಂಚಾಂಗದವರ ಹಾಗೆ ಇದರಲ್ಲಿ ಗ್ರಹಗತಿ ಹುಡುಕುವ ಕೆಲಸ ನಮ್ಮದಲ್ಲ. ಆದರೆ ಯಾರಿಗೆ ತಾರೀಖು ಇದೆ, ಯಾರಿಗೆ ಇಲ್ಲ ಎನ್ನುವುದು ಕಾಕತಾಳೀಯ ಅಲ್ಲ. ಅದಕ್ಕೆ ಹೊಲ, ಕೂಲಿ, ಬಣ್ಣ, ಜಾತಿ, ದಫ್ತರ ಎಲ್ಲಾ ಕಾರಣ.

ಬ್ರಯಾನ್ ಜೋನ್ಸ್ ತನ್ನ ತಂಡಕ್ಕೆ ಇಟ್ಟ ಹೆಸರು ಎಲ್ಲಿಂದ ಬಂತು ನೋಡ್ರಿ. ಮಡ್ಡಿ ವಾಟರ್ಸ್ ಎಂಬ ಕಪ್ಪು ಹಾಡುಗಾರನ 1950ರ ಒಂದು ಹಾಡಿನಿಂದ. ಈ ಮಡ್ಡಿ ವಾಟರ್ಸ್ ಅಮೆರಿಕದ ಮಿಸಿಸಿಪ್ಪಿ ಸೀಮೆಯ ಸ್ಟೊವಾಲ್ ಎಂಬ ಹತ್ತಿ ತೋಟದಲ್ಲಿ ದುಡಿಯುತ್ತಿದ್ದವನು. ಟ್ರ್ಯಾಕ್ಟರು ಹೊಡೆಯುತ್ತಿದ್ದ, ಸಂಜೆ ಗಿಟಾರು ಬಾರಿಸುತ್ತಿದ್ದ. ಅಲ್ಲಿನ ಕಪ್ಪು ಜನ ಗುಲಾಮಗಿರಿ ಹೋದ ಮೇಲೂ ಅದೇ ಧಣಿಗಳ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಬೀಜ ಧಣಿಯದು, ಅಂಗಡಿ ಧಣಿಯದು, ಲೆಕ್ಕದ ಪುಸ್ತಕವೂ ಧಣಿಯದು. ಸುಗ್ಗಿ ಆದ ಮೇಲೆ ಲೆಕ್ಕ ನೋಡಿದರೆ ಸಾಲವೇ ಬಾಕಿ. ಇದನ್ನು ರಾಣೆಬೆನ್ನೂರು ತಾಲೂಕಿನ ಕೂಲಿಯವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಡ್ಡಿ ವಾಟರ್ಸ್ ಹುಟ್ಟಿದ ವರ್ಷ ಯಾವುದು? ತಾನು ಹುಟ್ಟಿದ್ದು 1915 ಎಂದು ಅವನು ಹೇಳುತ್ತಿದ್ದ. ಹಳೆಯ ಕಾಗದಗಳು 1913 ಎನ್ನುತ್ತವೆ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬ ಬಿಳಿಯ ಸಂಗ್ರಾಹಕ ಯಂತ್ರ ಹೊತ್ತು ತೋಟಕ್ಕೆ ಬಂದ, ಅವನ ಹಾಡು ಹಿಡಿದುಕೊಂಡು ಹೋದ. ಆಮೇಲೆ ಎರಡು ಪ್ಲೇಟು, 20 ಡಾಲರಿನ ಚೆಕ್ಕು ಕಳಿಸಿದ. ಲೋಮ್ಯಾಕ್ಸನ ಜೊತೆ ಜಾನ್ ವರ್ಕ್ ಎಂಬ ಇನ್ನೊಬ್ಬ ಇದ್ದ. ಫಿಸ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ತಾನೂ ಕಪ್ಪು ಜನದವನೇ. ಆ ಸೀಮೆಯ ಹಾಡುಗಾರಿಕೆಯ ಬಗ್ಗೆ ಅವನು ಬರೆದ ಬರಹ ಎಲ್ಲೋ ಮೂಲೆ ಸೇರಿತು. ಹೆಸರು ಬಂದದ್ದು ಲೋಮ್ಯಾಕ್ಸನಿಗೆ.

ಹೌಲಿನ್ ವುಲ್ಫ್ ಎಂಬವನದೂ ಇದೇ ಕಥೆ. ತೋಟದ ಕೂಲಿ, ಆರಡಿ ಮೀರಿದ ಆಳು, ಕಾಡು ನುಗ್ಗಿದಂಥ ದನಿ. ವಿಲ್ಲಿ ಡಿಕ್ಸನ್ ಬರೆದು ಇವನು ಹಾಡಿದ ಹಾಡೊಂದನ್ನು ಜಿಮ್ ಮಾರಿಸನ್ನನ ತಂಡ ತನ್ನ ಮೊದಲ ಪ್ಲೇಟಿನಲ್ಲೇ ಹಾಡಿತು. ಅಂದರೆ ಜುಲೈ 3ರಂದು ಜಗತ್ತು ನೆನೆಯುವ ಇಬ್ಬರು ಬಿಳಿ ಹುಡುಗರೂ ಉಂಡದ್ದು ಒಂದೇ ಕಣಜದ ಜೋಳ. ಬ್ರಯಾನ್ ಜೋನ್ಸನನ್ನು ಬರೀ ಕಳ್ಳ ಎನ್ನಲಾಗದು, ಅದನ್ನೂ ಹೇಳಬೇಕು. 1965ರಲ್ಲಿ ಅಮೆರಿಕದ ಟೆಲಿವಿಜನ್ ಕಾರ್ಯಕ್ರಮವೊಂದಕ್ಕೆ ಕರೆ ಬಂದಾಗ ರೋಲಿಂಗ್ ಸ್ಟೋನ್ಸ್ ಹುಡುಗರು ಹೌಲಿನ್ ವುಲ್ಫನನ್ನೂ ಕರೆಸಬೇಕೆಂದು ಹಟ ಹಿಡಿದರು, ಅವನ ಕಾಲ ಬುಡದಲ್ಲಿ ಕೂತು ಕೇಳಿದರು. ಅಮೆರಿಕದ ಬಿಳಿಯರು ತಮ್ಮ ಊರಿನ ಹಾಡುಗಾರನ ಮುಖ ನೋಡಲು ಇಂಗ್ಲೆಂಡಿನ ಹುಡುಗರು ಬರಬೇಕಾಯಿತು. ಆದರೆ ಪ್ರೀತಿ ಬೇರೆ, ಪಾಲು ಬೇರೆ. ಇದೇ ವಿಲ್ಲಿ ಡಿಕ್ಸನ್ 1985ರಲ್ಲಿ ಲೆಡ್ ಜೆಪ್ಪೆಲಿನ್ ಎಂಬ ದೊಡ್ಡ ತಂಡದ ಮೇಲೆ ತನ್ನ ಹಾಡಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಎರಡು ವರ್ಷದ ಮೇಲೆ ರಾಜಿಯಾಯಿತು. ಕೋರ್ಟಿಗೆ ಹೋಗಲಾರದೆ ಸತ್ತವರದ್ದು ಏನು ಕೇಳುತ್ತೀರಿ.

ಇಲ್ಲಿಂದ ನಮ್ಮ ಹೊಲಕ್ಕೆ ದೂರವೇನಿಲ್ಲ. ನಡುವೆ ಒಂದು ಹತ್ತಿಗಿಡ ಇದೆ.

1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಸಂಬಳ ಕೊಟ್ಟು ಇಂಡಿಯಾಕ್ಕೆ ಕರೆಸಿತು. ಲ್ಯಾಂಕಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ನ್ಯೂ ಆರ್ಲಿಯನ್ಸ್ ಬೀಜ ಎಲ್ಲೆಲ್ಲೋ ಸೋತು ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಹತ್ತಿಕೊಂಡಿತು. ದಫ್ತರಿನವರು ಅದನ್ನು ಧಾರವಾಡ ಅಮೆರಿಕನ್ ಎಂದರು, ಜನ ವಿಲಾಯ್ತಿ ಹತ್ತಿ ಎಂದರು. ಆಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲಾ ಧಾರವಾಡ ಜಿಲ್ಲೆಯೊಳಗೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ಬಂದರುಗಳು ಬಂದಾದವು. ಗುಲಾಮರು ಬಿಡಿಸಿದ ಹತ್ತಿ ಹಡಗು ಹತ್ತಲಿಲ್ಲ. ಆಗ ಲ್ಯಾಂಕಶೈರು ನಮ್ಮ ಕಡೆ ತಿರುಗಿತು. ಇಲ್ಲಿ ಹತ್ತಿಯ ದರ ಆಕಾಶಕ್ಕೆ ಏರಿತು. ಜೋಳದ ಹೊಲಗಳೂ ಹತ್ತಿಗೆ ತಿರುಗಿದವು. 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು. ಏರಿದಾಗ ದುಡ್ಡು ಕಂಡವರು ಯಾರು, ಬಿದ್ದಾಗ ಹೊಲ ಕಳಕೊಂಡವರು ಯಾರು ಎಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಕಂಡವರು ಸುಲಭವಾಗಿ ಊಹಿಸಬಹುದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಪತ್ರ ಸಿಕ್ಕಿತು. 2024ರ ಮಾರ್ಚಿನಲ್ಲಿ ದರ ಕುಸಿದಾಗ ಅದೇ ಪೇಟೆಯ ಅಂಗಳದಲ್ಲಿ ಗಾಡಿಗಳು ಸುಟ್ಟವು.

1876ರಲ್ಲಿ ದೊಡ್ಡ ಬರ ಬಂತು, ಎರಡು ವರ್ಷ ನೆಲ ಕಚ್ಚಿ ಕೂತಿತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲು ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಹಳಿಯ ಮೇಲಿನ ಸ್ಟೇಶನ್ನುಗಳು. ಹತ್ತಿ ಗಾಡಿ ಬಿಟ್ಟು ರೈಲು ಹತ್ತಿತು. ಹತ್ತಿಯ ಬಗ್ಗೆ 1884ರ ಧಾರವಾಡ ಗ್ಯಾಜೆಟಿಯರಿನಲ್ಲಿ ಪುಟಗಟ್ಟಲೆ ಲೆಕ್ಕ ಇದೆ. ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ.

ಶರೀಫ ಬದುಕಿದ್ದು ಇದರ ನಟ್ಟನಡುವೆ. ಅವನನ್ನು ಮುಗಿಲ ಮೇಲೆ ಕೂಡಿಸಿದವರು ಇದನ್ನು ಮರೆಸಿಬಿಟ್ಟಿದ್ದಾರೆ. ಇಮಾಮ ಸಾಹೇಬ, ಹಜ್ಜೂಮಾ ಎಂಬ ಬಡವರ ಮಗ. ಮುಲ್ಕಿ ಪಾಸಾಗಿ ಸುತ್ತಲ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದ. ಮಾಸ್ತರಿಕೆ ಬಿಟ್ಟ. ಕಳಸದ ಗೋವಿಂದಭಟ್ಟನ ಹಿಂದೆ ಬಿದ್ದ. ಭಟ್ಟ ಮುಸಲ್ಮಾನನ ಮನೆಯಲ್ಲಿ ಉಂಡ, ಮುಸಲ್ಮಾನ ಭಟ್ಟನ ಮನೆಯೊಳಗೆ ಹೋದ. ಗುರು ಶಿಷ್ಯನಿಗೆ ಜನಿವಾರವನ್ನೇ ಹಾಕಿದ ಎಂದು ಪ್ರತೀತಿ. ಎರಡೂ ಕಡೆಯ ಮಡಿಯವರು ಉರಿದುಬಿದ್ದರು. ಅವನ ಹಾಡಿನಲ್ಲಿ ಏನೇನು ಬರುತ್ತದೆ ಲೆಕ್ಕ ಹಾಕಿ: ಸೋರುವ ಮಾಳಿಗೆ, ಹುಕ್ಕಾ, ತಂಬೂರಿ, ಕೋಳಿ, ಬಿದ್ದ ಮುದುಕಿ, ಹೊಸದಾಗಿ ಬಂದ ಗಿರಣಿ. ಗಿರಣಿಯ ಚಕ್ರ ಕಂಡು ಪದ ಕಟ್ಟಿದ ಕವಿ ಆ ಕಾಲದ ಕನ್ನಡದಲ್ಲಿ ಎಷ್ಟು ಜನ ಇದ್ದರು?

ಪಂಡಿತರು ಈ ಹಾಡುಗಳಿಗೆಲ್ಲ ಒಳ ಅರ್ಥ ಹೇಳುತ್ತಾರೆ. ಮಾಳಿಗೆ ಅಂದರೆ ದೇಹ, ಸೋರುವುದು ಅಂದರೆ ಅಜ್ಞಾನ. ಇರಲಿ, ಶರೀಫನೂ ಹಾಗೇ ಕಟ್ಟಿದ್ದಾನೆ. ಆದರೆ ಆರಿದ್ರ ಮಳೆಗೆ ನಿಜವಾಗಿ ಮಾಳಿಗೆ ಸೋರುವ ಮನೆಯಲ್ಲಿ ಕೂತು ಆ ಹಾಡು ಕೇಳಿದವನಿಗೆ ಮೊದಲು ಕೇಳುವುದು ನೀರು. ಆಮೇಲೆ ದೇಹ, ಆತ್ಮ. ಬ್ಲೂಸಿನವರೂ ಹೀಗೇ. 1927ರಲ್ಲಿ ಮಿಸಿಸಿಪ್ಪಿ ಹೊಳೆ ಒಡ್ಡು ಒಡೆದು ಲಕ್ಷಾಂತರ ಜನರನ್ನು ಮನೆ ಬಿಡಿಸಿತು. ಎರಡು ವರ್ಷದ ಮೇಲೆ ಚಾರ್ಲಿ ಪ್ಯಾಟನ್ ಆ ನೀರಿನ ಮೇಲೆ ಪ್ಲೇಟು ಕೊಟ್ಟ. ಅದನ್ನು ಕೇಳಿ ಮೋಕ್ಷದ ಮಾತಾಡುವವರು ಅಲ್ಲೂ ಇರಬಹುದು. ಹೌಲಿನ್ ವುಲ್ಫ್ ಗಿಟಾರು ಕಲಿತದ್ದು ಈ ಪ್ಯಾಟನ್ನನ ಹತ್ತಿರ. ಪ್ಯಾಟನ್ ಹುಟ್ಟಿದ ವರ್ಷದ ಮೇಲೂ ಜಗಳವಿದೆ.

ಈಗ ಶರೀಫನ ತಾರೀಖಿಗೆ ಬರೋಣ. ಧಾರವಾಡ ಸೀಮೆ ಪೇಶವೆಗಳ ಕೈಯಿಂದ ಕಂಪನಿಯ ಕೈಗೆ ಪೂರಾ ಬಂದದ್ದು 1818ರಲ್ಲಿ. ಮರುವರ್ಷ ಹುಟ್ಟಿದ ಹಳ್ಳಿಯ ಬಡ ಮುಸಲ್ಮಾನರ ಕೂಸಿಗೆ ಇಂಗ್ಲಿಷರ ತಾರೀಖು ಯಾರು ಬರೆದಿಟ್ಟರು? ಆಗ ಹುಟ್ಟು ಬರೆಯುವ ದಫ್ತರ ಹಳ್ಳಿಯಲ್ಲಿ ಇರಲಿಲ್ಲ. ಊರಿಗೆ ಬೇರೆ ಲೆಕ್ಕಗಳಿದ್ದವು. ಮಳೆಯ ಲೆಕ್ಕ ಇತ್ತು. ಜುಲೈ 3 ಅಂದರೆ ಆರಿದ್ರ ಮಳೆ ಹಿಡಿದು ಕೂತ ಹೊತ್ತು. ತಿಥಿಯ ಲೆಕ್ಕ ಇತ್ತು. ಬ್ಯಾಡಗಿ ತಾಲೂಕಿನ ಕಾಗಿನೆಲೆಗೆ ಬಂದು ನಿಂತ ಕನಕದಾಸನ ಜಯಂತಿ ಇವತ್ತಿಗೂ ಕಾರ್ತಿಕದ ತಿಥಿಯ ಮೇಲೆ ಬರುತ್ತದೆ, ವರ್ಷವರ್ಷ ತಾರೀಖು ಬದಲಿಸುತ್ತದೆ. ಚಂದ್ರನ ಇನ್ನೊಂದು ಲೆಕ್ಕ ಇತ್ತು. ಮೊಹರಮ್ಮು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಬೇಸಿಗೆ, ಮಳೆ, ಚಳಿ ಎಲ್ಲಾ ದಾಟುತ್ತದೆ. ಶರೀಫ ಆ ಅಲಾವಿ ಕುಣಿತಕ್ಕೂ ಪದ ಕಟ್ಟಿದವನು. ಹುಟ್ಟು ಸಾವು ಎರಡೂ ಜುಲೈ 3 ಎನ್ನುವುದು ಭಕ್ತರ ನೆನಪು ಆಮೇಲೆ ಹೊಸ ಕ್ಯಾಲೆಂಡರಿಗೆ ಇಳಿದ ಬಗೆ ಎಂದು ನನಗನ್ನಿಸುತ್ತದೆ. ಇದರಿಂದ ಶರೀಫ ಸಣ್ಣವನಾಗುವುದಿಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನಿಗೆ, ರಾಣೆಬೆನ್ನೂರು ತಾಲೂಕಿನ ಹೊಳೆದಂಡೆಯ ಚೌಡಯ್ಯದಾನಪುರದವನಿಗೆ, ಸರ್ಕಾರ ಜನವರಿ 21 ಎಂದು ಜಯಂತಿ ಗೊತ್ತುಮಾಡಿದೆ. ಅವನ ಜಾತಕ ವಿಧಾನಸೌಧದಲ್ಲಿ ಸಿಕ್ಕಿದ್ದಲ್ಲ. ಜನ ಕೇಳಿದರು, ತಾರೀಖು ಕೊಟ್ಟರು.

ಹಳ್ಳಿ ಮಾಸ್ತರರಿಗೆ ಇದು ಹೊಸದಲ್ಲ. ಹೆಸರು ಹಚ್ಚಲು ಬಂದ ಮಗುವಿನ ಹುಟ್ಟಿದ ದಿನ ಕೇಳಿದರೆ ತಾಯಿ ಹೇಳುವುದು, ದ್ಯಾಮವ್ವನ ಜಾತ್ರಿ ಮುಂದ, ಅಥವಾ ಶೇಂಗಾ ಕೀಳೋ ಹೊತ್ತಿನ್ಯಾಗ. ಮಾಸ್ತರು ಜೂನ್ 1 ಎಂದು ಬರೆಯುತ್ತಿದ್ದರು. ಹೀಗೆ ನಮ್ಮ ಹಿಂದಿನ ತಲೆಮಾರಿನ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಹುಟ್ಟಿದ ದಿನ ಬರೆದಿಟ್ಟುಕೊಂಡ ಮನೆಗಳು ಯಾವುವು ಎಂದು ನೋಡಿದರೆ ಊರಿನಲ್ಲಿ ಜಾತಿಯ ನಕ್ಷೆಯೇ ಬಿಡಿಸಿದಂತೆ ಆಗುತ್ತದೆ.

ಶರೀಫನ ಹಾಡು ಉಳಿದದ್ದು ಪುಸ್ತಕದಿಂದ ಅಲ್ಲ, ಭಜನೆಯವರ ಬಾಯಿಂದ. ಏಕತಾರಿ, ದಿಮ್ಮು, ತಾಳ, ಲಾಟೀನು. ರಾತ್ರಿ ಇಡೀ ಹಾಡಿ ಬೆಳಗ್ಗೆ ಕೂಲಿಗೆ ಹೋದವರು ಅವರು. ದಿಮ್ಮಿಗೆ ಚರ್ಮ ಹದ ಮಾಡಿದವನು, ಮೊಹರಮ್ಮಿಗೂ ಹೋಳಿಗೂ ಹಲಗೆ ಬಾರಿಸಿದವನು ಊರ ಹೊರಗಿನವನು. ಅವನ ಕೈಯ ಚರ್ಮ ಗುಡಿಯೊಳಗೆ ಹೋಗುತ್ತದೆ, ಅವನ ಕೈ ಹೋಗುವುದಿಲ್ಲ. ಹಲಗೆ ಇಲ್ಲದೆ ದೇವರು ಹೊರಡುವುದಿಲ್ಲ, ಹಲಗೆಯವ ದೇವರ ಹತ್ತಿರ ಬರುವ ಹಾಗಿಲ್ಲ. ಸಂಗೀತಶಾಸ್ತ್ರದವರು ಇದನ್ನು ತಾಳ ಎಂದು ಬರೆದುಕೊಂಡರು, ಕೂಲಿ ಎಂದು ಬರೆಯಲಿಲ್ಲ. ಸತ್ತಾಗ ಅವನ ಸಾವಿಗೂ ಹಲಗೆಯೇ ಬಾರಿಸಿತು. ತಾರೀಖು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ಅಮೆರಿಕದಲ್ಲೂ ಒಂದು ತಾರೀಖು ಇದೆ, ಆಗಸ್ಟ್ 16. 1938ರ ಆ ದಿನ ಮಿಸಿಸಿಪ್ಪಿಯ ಗ್ರೀನ್‌ವುಡ್ ಹತ್ತಿರ ರಾಬರ್ಟ್ ಜಾನ್ಸನ್ ಎಂಬ ಅಲೆಮಾರಿ ಹಾಡುಗಾರ ಸತ್ತ. ವಯಸ್ಸು ಸುಮಾರು 27. ಟೆಕ್ಸಾಸಿನಲ್ಲಿ ಎರಡು ಸಲ ಯಂತ್ರದ ಮುಂದೆ ಕೂತು 29 ಹಾಡು ಕೊಟ್ಟಿದ್ದ, ಅಷ್ಟೇ. ರಾಕಿನ ದೊಡ್ಡ ದೊಡ್ಡ ಗಿಟಾರಿನವರೆಲ್ಲ ಅವನ ಹೆಸರು ಹೇಳಿ ಕಿವಿ ಹಿಡಿದುಕೊಳ್ಳುತ್ತಾರೆ. ಅವನನ್ನು ಎಲ್ಲಿ ಹೂತರು ಎಂಬ ಬಗ್ಗೆ ಒಮ್ಮತ ಇಲ್ಲದೆ ಮೂರು ಬೇರೆ ಬೇರೆ ಕಡೆ ಅವನ ಹೆಸರಿನ ಕಲ್ಲು ನಿಂತಿವೆ. ಅದೇ ಆಗಸ್ಟ್ 16ರಂದು, 1977ರಲ್ಲಿ, ರಾಕಿನ ರಾಜ ಎಂದು ಕರೆಸಿಕೊಂಡ ಎಲ್ವಿಸ್ ಪ್ರೆಸ್ಲಿ ತನ್ನ ಅರಮನೆಯಂಥ ಮನೆಯಲ್ಲಿ ಸತ್ತ. ಪ್ರತಿ ವರ್ಷ ಅಲ್ಲಿ ಸಾವಿರಾರು ಜನ ಮೇಣಬತ್ತಿ ಹಿಡಿದು ಸೇರುತ್ತಾರೆ. ಎಲ್ವಿಸನ ಮೊದಲ ಪ್ಲೇಟಿನ ಹಾಡು ಆರ್ಥರ್ ಕ್ರುಡಪ್ ಎಂಬ ಕಪ್ಪು ಮನುಷ್ಯನದು. ಎಲ್ವಿಸನಿಗೆ ಕೀರ್ತಿ ತಂದ ಇನ್ನೊಂದು ಹಾಡನ್ನು ಅವನಿಗಿಂತ ಮೊದಲು ಹಾಡಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು. ಆ ಹಾಡಿನಿಂದ ತನಗೆ ಬಂದದ್ದು 500 ಡಾಲರು ಮಾತ್ರ ಎಂದು ಅವಳು ಹೇಳುತ್ತಿದ್ದಳು. ಕ್ರುಡಪ್ ರಾಯಲ್ಟಿಗಾಗಿ ಜಗ್ಗಾಡುತ್ತಲೇ 1974ರಲ್ಲಿ ಸತ್ತ.

ತಾರೀಖಿನ ಮಾತು ಬಂದಾಗ ಹಾವೇರಿಯವರಿಗೆ ಇನ್ನೊಂದು ನೆನಪಾಗಬೇಕು. ಹೌಲಿನ್ ವುಲ್ಫ್ ಹುಟ್ಟಿದ್ದು 1910ರ ಜೂನ್ 10. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರಾಯಿತು, ಇಬ್ಬರು ಹೋದರು. ರೈತಸಂಘದವರು ಆ ದಿನವನ್ನು ಬಿಡದೆ ಆಚರಿಸುತ್ತಾರೆ. ಸರ್ಕಾರದ ಜಯಂತಿಗಳ ಪಟ್ಟಿಯಲ್ಲಿ ಅದಿಲ್ಲ.

ಶರೀಫನನ್ನು ಭಜನೆಯಿಂದ ಪೇಟೆಗೆ ತಂದವನು ಸಿ. ಅಶ್ವಥ್. ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರ, ಎದೆ ಒಡೆದು ಹಾಡುವ ದನಿ. 1980ರ ದಶಕದ ಕ್ಯಾಸೆಟ್ಟಿನ ಕಾಲದಲ್ಲಿ ಚಹಾದಂಗಡಿ, ಬಸ್ಸು, ಟ್ರ್ಯಾಕ್ಟರು ಎಲ್ಲಾ ಕಡೆ ಅಶ್ವಥ್ ಬಾಯಿಂದ ಶರೀಫ ಹೊರಟ. 1990ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. ಶ್ರೀಧರ್ ಶರೀಫನಾದರು, ಗಿರೀಶ್ ಕಾರ್ನಾಡ್ ಗೋವಿಂದಭಟ್ಟನಾದರು, ಸಂಗೀತ ಅಶ್ವಥ್‌ರದೇ. ವಿಚಿತ್ರ ನೋಡ್ರಿ, ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಅವರಿಗೂ ಬರೋಬ್ಬರಿ 70. ಇದಕ್ಕೆ ಮಾತ್ರ ಆಸ್ಪತ್ರೆಯ, ಪತ್ರಿಕೆಯ, ಮುನ್ಸಿಪಾಲಿಟಿಯ ಸಾಕ್ಷಿ ಇದೆ. ಕಾಕತಾಳೀಯ ಅನ್ನುವುದು ಆಗುತ್ತದೆ ಎನ್ನಲು ಇದೇ ಸಾಕು, ಶರೀಫನ ಭಕ್ತರು ಬೇಕಾದರೆ ಇದನ್ನು ನನ್ನ ಮೇಲೇ ಪ್ರಯೋಗಿಸಬಹುದು.

2008ರಲ್ಲಿ ರಘು ದೀಕ್ಷಿತ್ ತನ್ನ ಮೊದಲ ಆಲ್ಬಮ್ಮಿನಲ್ಲಿ ಶರೀಫನ ಪದಗಳನ್ನು ಗಿಟಾರು, ಡ್ರಮ್ಮಿನ ಮೇಲೆ ಹಾಡಿದರು. ಲುಂಗಿ, ಗೆಜ್ಜೆ ಕಟ್ಟಿಕೊಂಡು ಇಂಗ್ಲೆಂಡಿನ ವೇದಿಕೆಗಳಿಗೂ ಹೋದರು. ರಾಕ್ ಎಂಬುದು ಶರೀಫನ ಮನೆಗೆ ಬಂದದ್ದು ಹೀಗೆ. ಕೆಲವು ಹಿರಿಯರಿಗೆ ಇದು ಅಪಚಾರ. ನನಗೆ ಹಾಗನ್ನಿಸುವುದಿಲ್ಲ. ಬ್ಲೂಸಿನ ಹೊಟ್ಟೆಯಲ್ಲಿ ಹುಟ್ಟಿದ ರಾಕು ಶರೀಫನ ಹತ್ತಿರ ಬಂದರೆ ಅದು ಹತ್ತಿಹೊಲದಿಂದ ಹತ್ತಿಹೊಲಕ್ಕೆ ಬಂದಂತೆ. ನನ್ನ ತಕರಾರು ಬೇರೆ. ಶರೀಫನಿಂದ ಅಶ್ವಥ್‌ಗೆ, ಅಶ್ವಥ್‌ರಿಂದ ರಘು ದೀಕ್ಷಿತ್‌ಗೆ ಎಂದು ನೇರ ಗೆರೆ ಎಳೆಯುತ್ತಾರೆ. 1889ಕ್ಕೂ ಕ್ಯಾಸೆಟ್ಟಿಗೂ ನಡುವೆ ಸುಮಾರು 90 ವರ್ಷ ಇದೆ. ಆ 90 ವರ್ಷ ಹಾಡು ಯಾರ ಬಾಯಲ್ಲಿತ್ತು? ಅವರ ಹೆಸರು ಯಾವ ಕ್ಯಾಸೆಟ್ಟಿನ ರಟ್ಟಿನ ಮೇಲೆ ಬಂತು? ಶರೀಫ ಕೊನೆಗೆ ಅಂಕಿತವಾದರೂ ಇಟ್ಟುಕೊಂಡಿದ್ದ. ಅವರಿಗೆ ಅದೂ ಇಲ್ಲ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಮೂವರ ಹೆಸರೂ ಕೂಡಿಸಿ ಇಟ್ಟರು. ಆ ವೇದಿಕೆ ಹತ್ತಬೇಕಾದವರ ಪಟ್ಟಿಯಲ್ಲಿ ಮುಸ್ಲಿಂ ಬರಹಗಾರರನ್ನು ಕಡೆಗಣಿಸಲಾಗಿದೆ ಎಂದು ಗಲಾಟೆಯಾಯಿತು. ಜನವರಿ 8ರಂದು ಬೆಂಗಳೂರಿನಲ್ಲಿ ಪರ್ಯಾಯವಾಗಿ ಜನಸಾಹಿತ್ಯ ಸಮ್ಮೇಳನವನ್ನೇ ಮಾಡಬೇಕಾಯಿತು. ಹೆಸರು ಹಲಗೆಯ ಮೇಲೆ ಸಾಕು, ಆಳು ಬೇಡ ಎನ್ನುವ ವ್ಯವಸ್ಥೆಗೆ ಶರೀಫನಂಥ ಸತ್ತ ಮುಸಲ್ಮಾನ ಭಾರಿ ಅನುಕೂಲ. ಹಾಡುತ್ತಾನೆ, ತಿರುಗಿ ಮಾತಾಡುವುದಿಲ್ಲ.

ಜುಲೈ 3 ಬಂದಾಗ ಶಿಶುನಾಳದ ಗದ್ದುಗೆಗೆ ಹೋಗುವವರು ಹೋಗಲಿ. ಎರಡೂ ಧರ್ಮದವರು ಇವತ್ತಿಗೂ ಅಲ್ಲಿ ನಡಕೊಳ್ಳುತ್ತಾರೆ, ಅದೇನು ಸಣ್ಣ ಮಾತಲ್ಲ. ಶಾಲೆಯಲ್ಲಿ ಭಾಷಣ ಬರೆಸುವ ಮಾಸ್ತರರು ಆ ದಿನ ಹುಡುಗರ ಕೈಯಲ್ಲಿ ಇನ್ನೊಂದು ಕೆಲಸವನ್ನೂ ಮಾಡಿಸಬಹುದು. ಊರಿನ ಭಜನಾ ಮೇಳದಲ್ಲಿ ದಿಮ್ಮು ಬಾರಿಸುತ್ತಿದ್ದವರು ಯಾರು, ಯಾರ ಹತ್ತಿರ ಕಲಿತರು, ಯಾವ ಕೇರಿಯವರು, ಯಾವ ಕೂಲಿ ಮಾಡಿದರು, ಯಾವ ವರ್ಷ ಯಾವ ಮಳೆಯಲ್ಲಿ ಸತ್ತರು ಎಂದು ಮುದುಕರನ್ನು ಕೇಳಿ ಒಂದು ನೋಟುಬುಕ್ಕಿಗೆ ಬರೆಸುವುದು. ಹಲಗೆಯವರದು, ಚೌಡಕಿ ಪದದ ಜೋಗತಿಯರದು, ಬೀಸುವ ಪದದ ಅಜ್ಜಿಯರದು ಬೇರೆ ಬೇರೆ ಪುಟ. ಯಾವ ಸಹಾಯಧನವೂ ಬೇಕಾಗಿಲ್ಲ. ಬರೆದದ್ದನ್ನು ಯಾರು ಅಚ್ಚು ಹಾಕುತ್ತಾರೆ ಎಂದು ಕೇಳಬಹುದು. ಮಿಸಿಸಿಪ್ಪಿಯ ಹತ್ತಿಹೊಲದಲ್ಲಿ ಕೂತು ಬರೆದ ಜಾನ್ ವರ್ಕ್ ಸತ್ತದ್ದು 1967ರಲ್ಲಿ. ಅವನ ಬರಹ ಪುಸ್ತಕವಾದದ್ದು 2005ರಲ್ಲಿ.